ಹೊಂಗೇದೊಡ್ಡಿ: ಮೂವತ್ತೊಂದು

ಮಾರ್ಚ್ 7, 2025, ಶುಕ್ರವಾರ

ಮೂರು ತಿಂಗಳ ಪಟ್ಟಿ ಇವತ್ತು ಮುಗಿಯಿತು. ಹದಿನಾಲ್ಕು ಉಪಕೇಂದ್ರ, ಹದಿನಾಲ್ಕು ಸಾಲು, ಒಂದು ಗೆರೆಯೂ ಆಚೀಚೆ ಇಲ್ಲ. ಮಕ್ಕಳಿಗೆ ಸೂಜಿ ಹಾಕಿದ ಮೇಲೆ ಜ್ವರ, ಬಾವು, ಬೊಕ್ಕೆ ಏನೇ ಬಂದರೂ ಆಯಾ ಊರಿನ ನರ್ಸು ವರದಿ ಮಾಡಬೇಕು, ಅದನ್ನು ನಾನು ಕಂಪ್ಯೂಟರಿಗೆ ಏರಿಸಬೇಕು. ನಮ್ಮ ಡೆಂಕಣಿಕೋಟೆ ಬ್ಲಾಕ್ ಆಸ್ಪತ್ರೆಯ ಅಂಕಿಅಂಶದ ಕುರ್ಚಿಯಲ್ಲಿ ಕೂತು ಹದಿನಾರು ವರ್ಷವಾಯಿತು. ಡಾಕ್ಟರುಗಳು ಏಳು ಜನ ಬಂದು ಹೋದರು, ಈ ಶಶಿರೇಖಾಳ ಪಟ್ಟಿಯಲ್ಲಿ ತಪ್ಪು ಹುಡುಕಿದವರು ಒಬ್ಬರೂ ಇಲ್ಲ.

ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಹದಿನಾಲ್ಕೂ ನರ್ಸುಗಳಿಗೆ ಫೋನ್ ಮಾಡಿ "ಸೊನ್ನೆ ತಾನೇ?" ಎಂದು ಕೇಳುತ್ತೇನೆ. "ಸೊನ್ನೆ ಮೇಡಂ" ಅನ್ನುತ್ತಾರೆ. ಹದಿಮೂರು ಕರೆ ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಉಳಿದದ್ದು ಆ ಹೊಂಗೇದೊಡ್ಡಿಯ ಗಂಗಾದೇವಿ. "ಸೊನ್ನೆ ಎಲ್ಲಿಂದ ಬತ್ತದಮ್ಮ, ಬರ್ಕೋ" ಎಂದು ಶುರುಮಾಡಿದರೆ ನನ್ನ ಕಾಫಿ ಆರಿ ತಣ್ಣಗಾಗುತ್ತದೆ. ಯಾವ ಮಗು ಎಷ್ಟು ಹೊತ್ತಿಗೆ ಅತ್ತಿತು ಎಂಬುದನ್ನೂ ಹೇಳುತ್ತಾಳೆ.

ಒಟ್ಟು ವರದಿ ಮೂವತ್ತೆಂಟು. ಹದಿಮೂರು ಉಪಕೇಂದ್ರ ಸೇರಿ ಏಳು. ಹೊಂಗೇದೊಡ್ಡಿ ಒಂದೇ ಮೂವತ್ತೊಂದು. ಜ್ವರ, ಬಾವು ಇಪ್ಪತ್ತೇಳು. ಮೈಮೇಲೆ ಬೊಕ್ಕೆ ನಾಲ್ಕು, ಅವು ನಾಲ್ಕೂ ಒಂದೇ ವಾರದಲ್ಲಿ. ಆ ಸಾಲಿಗೆ ಕೆಂಪು ಬಣ್ಣ ತುಂಬಿದೆ. ಫೋಟೋ ತೆಗೆದು ನರ್ಸುಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿ, "ಯಾರು ಮೊದಲ ಸ್ಥಾನ, ನೋಡಿಕೊಳ್ಳಿ" ಎಂದು ಬರೆದೆ. ಒಂದಿಷ್ಟು ನಾಚಿಕೆಯಾಗಲಿ. ಅವಳ ಕೈಯಲ್ಲೋ ಸೂಜಿಯಲ್ಲೋ ಏನೋ ಐಬು ಇರಲೇಬೇಕು.

ಮಾರ್ಚ್ 9, ಭಾನುವಾರ

ಬೆಳಗ್ಗೆಯೇ ತಂಗಿ ಮುನಿರತ್ನ ಫೋನ್ ಮಾಡಿದಳು. ಅವಳನ್ನು ಕೊಟ್ಟಿರುವುದು ಹೊಂಗೇದೊಡ್ಡಿಗೇ. ಪಾಪುವಿಗೆ ಈಗ ಒಂದೂವರೆ ತಿಂಗಳು, ಬುಧವಾರ ಮೊದಲನೇ ಸೂಜಿ ಹಾಕಿಸಬೇಕು.

"ಅಕ್ಕ, ನೀನು ಬರ್ದಿರೋ ಪಟ್ಟಿ ನಮ್ಮೂರಲ್ಲಿ ಎಲ್ಲಾರ ಫೋನಲ್ಲೂ ಅದೆ. ನಮ್ಮೂರ ಹೆಸ್ರು ಕೆಂಪಗದೆ. ಮಾವ ಬ್ಯಾಡ ಅಂತವ್ರೆ. ಹಾಕಿಸ್ಲಾ, ಬ್ಯಾಡ್ವಾ?"

ಹದಿನಾಲ್ಕು ಜನರ ಗುಂಪಿನಿಂದ ಅದು ಹೇಗೆ ಹೊರಬಿತ್ತೋ, ಊರ ಬಾಯಿಗೆ ಬಿದ್ದ ಮೇಲೆ ಮುಗಿಯಿತು. ಹಾಕಿಸು ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲೂ ಬರಲಿಲ್ಲ. "ಡಾಕ್ಟರನ್ನ ಕೇಳು" ಎಂದೆ.

"ಡಾಕ್ಟರ್ ನಿನ್ನ ಕೇಳಿ ತಾನೇ ಹೇಳೋದು" ಎಂದಳು.

ಹದಿನಾರು ವರ್ಷದ ಕೆಲಸ ಇದು, ಸ್ವಂತ ತಂಗಿಗೆ ಒಂದು ಉತ್ತರ ಕೊಡಲು ಆಗಲಿಲ್ಲ.

ಮಾರ್ಚ್ 12, ಬುಧವಾರ

ಹೊಂಗೇದೊಡ್ಡಿಯಲ್ಲಿ ಇವತ್ತು ಒಂಬತ್ತು ಮಕ್ಕಳಿಗೆ ಸೂಜಿ ಆಗಬೇಕಿತ್ತು. ಒಬ್ಬರೂ ಬರಲಿಲ್ಲ. ಗಂಗಾದೇವಿ ಒಂಬತ್ತರಿಂದ ಒಂದರವರೆಗೆ ಅಂಗನವಾಡಿಯಲ್ಲಿ ಔಷಧಿಯ ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳಂತೆ. ಮೂರು ಗಂಟೆಗೆ ಆ ಪೆಟ್ಟಿಗೆಯನ್ನು ಹೊತ್ತುಕೊಂಡೇ ಆಫೀಸಿಗೆ ಬಂದಳು. ಐವತ್ತೈದು ದಾಟಿದ ಹೆಂಗಸು, ಜವಳಗಿರಿ ರಸ್ತೆಯ ಧೂಳೆಲ್ಲ ಕಾಲ ಮೇಲೆ. ಡಾಕ್ಟರು ಅವಳ ಕೈಗೆ ಮೆಮೋ ಕೊಟ್ಟರು. ಇಪ್ಪತ್ತನಾಲ್ಕಕ್ಕೆ ಕೃಷ್ಣಗಿರಿಯಿಂದ ಜಿಲ್ಲಾ ಆರೋಗ್ಯಾಧಿಕಾರಿ ಮೇಡಂ ಬಂದು ವಿಚಾರಣೆ ಮಾಡುತ್ತಾರೆ, ಅಲ್ಲಿಯವರೆಗೆ ಸೂಜಿ ಮುಟ್ಟಬಾರದು. ತಪ್ಪು ಸಾಬೀತಾದರೆ ಸಸ್ಪೆಂಡು.

ನನ್ನ ಮೇಜಿನ ಮುಂದೆ ನಿಂತಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ.

"ಶಶಮ್ಮ, ನನ್ನ ಸೂಜಿ ನಿಲ್ಸಿದ್ರೆ ನಿಲ್ಲಿಸ್ಲಿ. ಆ ಒಂಬತ್ತು ಮಕ್ಳಿಗೆ ಯಾರಾದ್ರೂ ಹಾಕ್ಬೇಕಲ್ಲಮ್ಮ. ನಾಯಿಕೆಮ್ಮು ಕಂಡಿದೀಯಾ ನೀನು? ನಾನು ಕಂಡಿದೀನಿ." ಹಾಗೆಂದು ತನ್ನ ನೋಟುಬುಕ್ಕನ್ನು ಮೇಜಿನ ಮೇಲಿಟ್ಟಳು. "ವಿಚಾರಣೆಗೆ ಬೇಕಂತೆ. ನೀನೇ ಮಡಿಕ್ಕೋ."

ಮಾರ್ಚ್ 13, ಗುರುವಾರ

ಡಾಕ್ಟರು ನನಗೂ ಕೆಲಸ ಹಚ್ಚಿದರು: ಈ ಮೂವತ್ತೊಂದು ಯಾಕೆ, ಬರೆದುಕೊಡು ಮಾ. ಮೊದಲು ಔಷಧಿಯ ಬ್ಯಾಚ್ ನಂಬರು ನೋಡಿದೆ. ಹೊಂಗೇದೊಡ್ಡಿಗೆ ಹೋದ ಬ್ಯಾಚೇ ಉಳಿದ ಹದಿಮೂರಕ್ಕೂ ಹೋಗಿದೆ. ಅಲ್ಲೆಲ್ಲ ಸುಮ್ಮನಿದ್ದ ಔಷಧಿ ಇಲ್ಲಿ ಮಾತ್ರ ಯಾಕೆ ಕೆರಳಬೇಕು? ಹಾಗಾದರೆ ಅವಳ ಕೈಯೇ. ಆದರೆ ಗಂಗಾದೇವಿ ಸೂಜಿ ಹಾಕಲು ಶುರುಮಾಡಿ ಇಪ್ಪತ್ತೊಂಬತ್ತು ವರ್ಷ. ನಾನು ಬಸುರಿಯಾಗಿದ್ದಾಗ ನನಗೇ ಧನುರ್ವಾಯು ಸೂಜಿ ಹಾಕಿದವಳು ಅವಳು, ನೋವೇ ಗೊತ್ತಾಗಿರಲಿಲ್ಲ.

ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಹೇಳಿದೆ. ನರೇಶ್ ಹೊಸೂರಿನ ಗೇರ್ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವರು. ಮುದ್ದೆ ಮುರಿಯುತ್ತಾ ನಕ್ಕರು.

"ನಮ್ಮಲ್ಲೂ ಹಂಗೇ. ನಾಲ್ಕನೇ ಲೈನಲ್ಲಿ ರಿಜೆಕ್ಟ್ ಜಾಸ್ತಿ ಅಂತ ಮ್ಯಾನೇಜರ್ ಕೂಗಾಡ್ದ. ನೋಡಿದ್ರೆ ಅಲ್ಲಿ ರಾಮಾಂಜಿನಪ್ಪ ಕೂತವ್ನೆ. ಕಣ್ಣು ಅಂದ್ರೆ ಅದು ಕಣ್ಣು. ಬೇರೆ ಲೈನಲ್ಲಿ ಪೀಸ್ ಚೆನ್ನಾಗಿರ್ಲಿಲ್ಲ, ನೋಡೋನು ಚೆನ್ನಾಗಿರ್ಲಿಲ್ಲ."

"ಗೇರೂ ಮಗೂನೂ ಒಂದೇನಾ?" ಎಂದು ರೇಗಿದೆ. ಆದರೆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಮಾರ್ಚ್ 15, ಶನಿವಾರ

ಆ ನೋಟುಬುಕ್ಕನ್ನು ಮನೆಗೆ ತಂದೆ. ಹತ್ತು ನಿಮಿಷದ ಕೆಲಸ ಎಂದು ಮಧ್ಯಾಹ್ನ ಕೂತವಳು ಎದ್ದಾಗ ದೀಪ ಹಚ್ಚುವ ಹೊತ್ತು. ಹುಳಿಗೆ ಒಗ್ಗರಣೆ ಹಾಕುವುದನ್ನೇ ಮರೆತಿದ್ದೆ.

ಏನು ಹೆಂಗಸು ಇವಳು. ಒಂದೊಂದು ಸೂಜಿಗೂ ಒಂದೊಂದು ಪುಟ. ಮಗುವಿನ ಹೆಸರು, ಹೆಸರಿಡದಿದ್ದರೆ ತಾಯಿಯ ಹೆಸರು, ಮರುದಿನ ಹೋದದ್ದು, ಮೂರನೇ ದಿನ ಹೋದದ್ದು, ಏಳನೇ ದಿನ ಹೋದದ್ದು. ಆಮೇಲೆ ಷರಾ. "ಗೋವಿಂದಮ್ಮನ ಮೊಮ್ಮಗ. ಸಂಜೆ ಆರಕ್ಕೆ ಮೈ ಬಿಸಿ. ತೊಡೆ ಗಟ್ಟಿ. ರಾತ್ರಿ ಹಾಲು ಕುಡಿದ. ಬೆಳಗ್ಗೆ ಆಟ." "ಅಶ್ವತ್ಥಪ್ಪನ ಮಗಳು. ಏನೂ ಇಲ್ಲ. ಮೂರು ಸಾರಿ ಕೇಳಿದೆ, ಏನೂ ಇಲ್ಲ." ಏನೂ ಆಗದ ಮಗುವಿನ ಮನೆಗೂ ಮೂರು ಸಾರಿ ಹೋಗಿದ್ದಾಳೆ. ಸುತ್ತಲ ಹಳ್ಳಿಗಳೂ ಸೇರಿ ಐವತ್ತೆಂಟು ಮಕ್ಕಳು, ನೂರ ಎಪ್ಪತ್ತನಾಲ್ಕು ಸಾರಿ ನಡೆದಿದ್ದಾಳೆ. ಆನೆ ಬರುವ ಊರಲ್ಲಿ. ನಾನು ಅವಳ ನಡಿಗೆಯನ್ನು ಮೂವತ್ತೊಂದು ಎಂಬ ಒಂದು ಅಂಕಿ ಮಾಡಿ ಕೆಂಪು ಬಳಿದಿದ್ದೆ.

ಬೊಕ್ಕೆ ಬಂದ ನಾಲ್ಕು ಮಕ್ಕಳ ಪುಟ ಹುಡುಕಿದೆ. ನಾಲ್ಕರಲ್ಲೂ ಷರಾ ಇತ್ತು. "ಬಾಗಿಲಿಗೆ ಬೇವಿನ ಸೊಪ್ಪು. ಅಣ್ಣನಿಗೂ ಅದೆ." "ಬಾಗಿಲಿಗೆ ಬೇವು. ಪಕ್ಕದ ಮನೆಯಲ್ಲೂ." ಮನೆಯಲ್ಲಿ ಅಮ್ಮ ಬಂದಿದ್ದರೆ ನಮ್ಮ ಕಡೆ ಬಾಯಲ್ಲಿ ಹೇಳುವುದಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಆಚೆಯವರು ಒಳಗೆ ಕಾಲಿಡುವುದಿಲ್ಲ. ಸೀತಾಳೆ ಸಿಡುಬು. ಅದನ್ನು ಅವಳು ಬರೆದಿದ್ದಾಳೆ. ಫೋನಿನಲ್ಲೂ ಹೇಳಿದ್ದಳು, ಈಗ ಜ್ಞಾಪಕಕ್ಕೆ ಬರುತ್ತಿದೆ. ಕಂಪ್ಯೂಟರಿನಲ್ಲಿ ಷರಾ ಬರೆಯಲು ಜಾಗವಿಲ್ಲ. "ಬೊಕ್ಕೆ: 4" ಎಂದು ಒತ್ತಿ ಮುಂದೆ ಹೋಗಿದ್ದೆ.

ಮಾರ್ಚ್ 16, ಭಾನುವಾರ

ಇವತ್ತು ಒಂದು ಕೆಲಸ ಮಾಡಿದೆ, ಯಾರೂ ಹೇಳಿದ್ದಲ್ಲ. ಬಸವನದೊಡ್ಡಿಯ ಪಟ್ಟಿ ತೆಗೆದೆ. ಅಲ್ಲಿನ ನರ್ಸು ಕನಕಮ್ಮ, ಅರವತ್ತೊಂದು ಮಕ್ಕಳಿಗೆ ಸೂಜಿ, ವರದಿ ಸೊನ್ನೆ. ತಾಯಂದಿರ ಫೋನ್ ನಂಬರು ದಾಖಲೆಯಲ್ಲಿ ಇರುತ್ತವೆ. ಬೆಳಗ್ಗೆಯಿಂದ ಒಬ್ಬೊಬ್ಬರಿಗೇ ಮಾಡಿದೆ, ಕೆಲವರಿಗೆ ಕನ್ನಡ, ಕೆಲವರಿಗೆ ತಮಿಳು, ಇಬ್ಬರಿಗೆ ತೆಲುಗು. ಇಪ್ಪತ್ತೆಂಟು ಜನ ಸಿಕ್ಕರು. ಹದಿಮೂರು ಜನ ಅಂದರು, ಸೂಜಿ ಹಾಕಿದ ಸಂಜೆ ಮಗುವಿಗೆ ಜ್ವರ ಬಂದಿತ್ತು.

"ಹೇಳ್ಲಿಲ್ವಾ ತಾಯಿ?" ಎಂದೆ.

"ಯಾರು ಕೇಳಿದ್ರು?" ಎಂದಳು ಒಬ್ಬಳು.

ಪೆನ್ನು ಹಿಡಿದು ಭಾಗಿಸಿದೆ. ಬಸವನದೊಡ್ಡಿಯಲ್ಲಿ ನೂರಕ್ಕೆ ನಲವತ್ತಾರು. ಹೊಂಗೇದೊಡ್ಡಿಯಲ್ಲಿ ಐವತ್ತೆಂಟಕ್ಕೆ ಇಪ್ಪತ್ತೇಳು, ನೂರಕ್ಕೆ ನಲವತ್ತೇಳರ ಹತ್ತಿರ. ತಪ್ಪಾಯಿತೇನೋ ಎಂದು ಮತ್ತೆ ಭಾಗಿಸಿದೆ. ಈ ಸೂಜಿಗೆ ಅರ್ಧದಷ್ಟು ಮಕ್ಕಳಿಗೆ ಜ್ವರ ಬರಬಹುದು, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ತರಬೇತಿಯ ಪುಸ್ತಕದಲ್ಲಿ ಮೊದಲಿಂದಲೂ ಬರೆದಿದೆ. ಆ ಪುಸ್ತಕ ನನ್ನ ಬೀರುವಿನಲ್ಲೇ ಇದೆ.

ಎರಡು ಊರಿಗೂ ನಡುವೆ ಹದಿನೇಳು ಕಿಲೋಮೀಟರು, ಕಾಡು. ಆ ಮಕ್ಕಳು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಅವರ ಮೈ ಒಂದೇ ಲೆಕ್ಕದಲ್ಲಿ ಬಿಸಿಯಾಗಿದೆ, ಒಂದೇ ಲೆಕ್ಕದಲ್ಲಿ ಆರಿದೆ. ಕಾಗದವನ್ನು ಮುಂದಿಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಹದಿನಾರು ವರ್ಷ ಅಂಕಿಗಳ ಜೊತೆ ಬಾಳಿದವಳು ನಾನು, ಅಂಕಿಯೊಳಗೆ ಇಂಥದ್ದು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನರೇಶ್ ಬಂದು "ಏನು, ದೇವರು ಕಂಡೋರ ಹಂಗೆ ಕೂತಿದೀಯಾ" ಅಂದರು.

ಮಾರ್ಚ್ 17, ಸೋಮವಾರ

ಡಾಕ್ಟರಿಗೆ ಹೇಳಲಿಲ್ಲ. ಎರಡು ಸಾರಿ ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಮಾರ್ಚ್ 18, ಮಂಗಳವಾರ

ಕನಕಮ್ಮ ಆಫೀಸಿಗೆ ಬಂದಳು. ನಾನು ಅವಳ ಊರಿನ ತಾಯಂದಿರಿಗೆ ಫೋನ್ ಮಾಡಿದ್ದು ಗೊತ್ತಾಗಿ ಮುಖ ಕೆಂಪಾಗಿತ್ತು.

"ಏನ್ ಮೇಡಂ, ನನ್ನ ತಲೆ ಮ್ಯಾಲೆ ಕಲ್ಲು ಹಾಕ್ತೀರಾ?"

"ಸೊನ್ನೆ ಅಂತ ಯಾಕೆ ಹೇಳ್ತಿದ್ದೆ ಮತ್ತೆ?"

"ನೀವು ಹೆಂಗೆ ಕೇಳ್ತಿದ್ರಿ? ಸೊನ್ನೆ ತಾನೇ ಅಂತ. ನಾವು ಕೆಲ್ಸಕ್ಕೆ ಸೇರ್ದಾಗ ನೀವೇ ಹೇಳಿದ್ದು, ಸೊನ್ನೆ ಬಂದ್ರೆ ಎಲ್ಲಾರ್ಗೂ ನೆಮ್ದಿ ಅಂತ."

ನಿಜ, ಹೇಳಿದ್ದೆ. ಹದಿಮೂರು ಉಪಕೇಂದ್ರದ ಸೊನ್ನೆಗಳನ್ನು ನಾನೇ ಕೈಯಾರೆ ಬಿತ್ತಿ ಬೆಳೆದಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದು ನನ್ನ ದಿನಚರಿ, ಇಲ್ಲೂ ಸುಳ್ಳು ಬರೆದರೆ ಇನ್ನೆಲ್ಲಿ ನಿಜ ಬರೆಯಲಿ. ಆಫೀಸಿನ ತಮಿಳಿನಲ್ಲಿ ಆಗದ್ದಕ್ಕೇ ಅಲ್ಲವೇ ಇದನ್ನು ಕನ್ನಡದಲ್ಲಿ ಇಟ್ಟುಕೊಂಡಿರುವುದು.

ಮಾರ್ಚ್ 20, ಗುರುವಾರ

ರಜೆ ಹಾಕಿ ಹೊಂಗೇದೊಡ್ಡಿಗೆ ಹೋಗಿಬಂದೆ. ಕಾಲು ನೋಯುತ್ತಿದೆ, ಬರೆಯದೆ ಮಲಗಲಾರೆ.

ಡೆಂಕಣಿಕೋಟೆಯಿಂದ ಏಳರ ಬಸ್ಸು. ಜವಳಗಿರಿ ದಾಟುವಾಗ ರಸ್ತೆಯಲ್ಲಿ ಆನೆಗಳಿವೆ ಎಂದು ಡ್ರೈವರ್ ಅರ್ಧ ಗಂಟೆ ಗಾಡಿ ನಿಲ್ಲಿಸಿಬಿಟ್ಟ. ಗಂಗಕ್ಕ ಊರ ಮುಂದಿನ ಹೊಂಗೆ ಮರದ ಕೆಳಗೆ ಕಾಯುತ್ತಿದ್ದಳು. ಸೂಜಿ ಮುಟ್ಟಬಾರದೆಂದು ಮೆಮೋ ಇದೆ, ನಡೆಯಬಾರದೆಂದು ಇಲ್ಲವಲ್ಲ, ಈಗಲೂ ದಿನಾ ಮನೆಮನೆಗೆ ಹೋಗುತ್ತಾಳೆ. ಮೊದಲು ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟೆ.

"ಗಂಗಕ್ಕ, ಆ ಫೋಟೋ ಗುಂಪಿಗೆ ಹಾಕಿದ್ದು ನಾನು. ನಿನಗೆ ನಾಚಿಕೆಯಾಗ್ಲಿ ಅಂತ್ಲೇ ಹಾಕಿದ್ದು."

"ಗೊತ್ತು ಬಿಡಮ್ಮ" ಎಂದಳು. "ಬಿಸ್ಲು ಏರೋದ್ರೊಳಗೆ ಹೋಗಿಬರಾಣ."

ನಡೆಯುತ್ತಾ ಕೇಳಿದೆ: "ಬೊಕ್ಕೆ ಸಿಡುಬಿಂದು ಅಂತ ನಿನಗೆ ಗೊತ್ತಿತ್ತು. ಮತ್ತೆ ಯಾಕೆ ವರದಿ ಮಾಡ್ದೆ? ಸುಮ್ನೆ ಬಿಟ್ಟಿದ್ರೆ ಈ ಗಲಾಟೆನೇ ಇರ್ತಿರ್ಲಿಲ್ಲ."

ಅವಳು ನಿಂತುಬಿಟ್ಟಳು. "ಸೂಜಿ ಆದ್ಮ್ಯಾಕೆ ಏನಾದ್ರೂ ಬರೀಬೇಕು. ನಂಗೆ ಅಮ್ಮ ಅನ್ನಿಸ್ತು ಅಂತ ಬಿಟ್ಬುಟ್ರೆ, ಒಂದಿನ ನಿಜವಾಗ್ಲೂ ಸೂಜಿದೇ ಆಗಿದ್ರೆ? ಬಿಡೋಕೆ ನಾನ್ಯಾರಮ್ಮ? ನಾನು ಕಂಡಿದ್ದು ಬರೀತೀನಿ. ಯಾತಕ್ಕೆ ಅಂತ ನೋಡೋರು ಮೇಲೆ ಅವ್ರೆ ಅಂದ್ಕೊಂಡಿದ್ದೆ."

ಮೇಲೆ ಇದ್ದವಳು ನಾನು. ನೋಡಲಿಲ್ಲ.

ತಂಗಿಯ ಮನೆಯ ಜಗಲಿಯಲ್ಲಿ ಅವಳ ಮಾವ ಚಿನ್ನಪ್ಪ ಕೂತಿದ್ದರು. ಹಳೆಯ ಕಾಲದ ಮನುಷ್ಯ, ಮಂದೆಯಲ್ಲಿ ಎಷ್ಟು ಕುರಿ ಎಂದು ಕಣ್ಣಲ್ಲೇ ಹೇಳುವವರು. ನನ್ನನ್ನು ಕಂಡು ಮುಗುಳ್ನಕ್ಕರು, ಆದರೆ ಗಂಗಕ್ಕನಿಗೆ ಕೂರಲು ಹೇಳಲಿಲ್ಲ.

"ಮಾವ, ಪಾಪುಗೆ ಸೂಜಿ ಹಾಕಿಸಿ" ಎಂದೆ.

"ಅಲ್ಲಮ್ಮಣ್ಣಿ, ನಮ್ಮೂರು ಕೆಟ್ಟದು ಅಂತ ಬರ್ದೋಳೂ ನೀನೇ, ಹಾಕ್ಸು ಅನ್ನೋಳೂ ನೀನೇ. ಯಾವ್ದಮ್ಮ ನಿಜ? ಅವತ್ತಿನ ಪಟ್ಟೀನಾ, ಇವತ್ತಿನ ಮಾತಾ?"

"ಎರಡೂ ನಿಜ ಮಾವ. ಪಟ್ಟಿ ಸರಿಯಾಗಿತ್ತು, ಅದನ್ನ ಓದೋಕೆ ನನಗೆ ಬರ್ಲಿಲ್ಲ."

"ಹಂಗಂದ್ರೆ?"

ಹಾಗಂದರೆ ಏನು ಎಂದು ನನಗೂ ಪೂರಾ ಗೊತ್ತಿರಲಿಲ್ಲ. ಬೀದಿಯ ಕಡೆ ನೋಡಿದೆ. ಎದುರು ಮನೆಯ ಬಾಗಿಲ ಚೌಕಟ್ಟಿನ ಮೇಲೆ ಒಂದು ಸುಣ್ಣದ ಬೊಟ್ಟು. ಅದು ಗಂಗಕ್ಕನ ಗುರುತು. ಈ ಮೂರು ತಿಂಗಳಲ್ಲಿ ಸೂಜಿ ಹಾಕಿಸಿಕೊಂಡ ಮಗು ಇರುವ ಮನೆಗೆ ಒಂದು ಬೊಟ್ಟು ಇಡುತ್ತಾಳೆ, ಆಮೇಲೆ ನಡೆಯುವಾಗ ಯಾವ ಮನೆ ಮುಂದೆ ನಿಲ್ಲಬೇಕು ಎಂದು ತಿಳಿಯುತ್ತದೆ. ಅದರ ಪಕ್ಕದ ಮನೆಗೆ ಬೊಟ್ಟಿಲ್ಲ, ಆದರೆ ಬಾಗಿಲಲ್ಲಿ ಬೇವಿನ ಸೊಪ್ಪು ತೂಗುತ್ತಿತ್ತು. ಹದಿನಾರು ವರ್ಷ ಕಾಗದದ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡುತ್ತಿದ್ದೆನಲ್ಲ, ಅದೇ ಪಟ್ಟಿ ಬೀದಿಯಲ್ಲಿ ನಿಂತಿತ್ತು. ಯಾರೋ ನನಗಾಗಿ ಬರೆದಿಟ್ಟು ಹೋದ ಹಾಗೆ.

"ಮಾವ, ನೀವೇ ಎಣಿಸಿ, ನಾನು ಎಣಿಸಲ್ಲ" ಎಂದೆ. "ಮಕ್ಕಳಿರೋ ಮನೆ ಎಲ್ಲಾ ನೋಡಣ. ಸುಣ್ಣ ಅದೆಯಾ, ಬೇವು ಅದೆಯಾ, ಅಷ್ಟೇ."

ಎಣಿಕೆ ಅಂದರೆ ಆ ಮನುಷ್ಯನಿಗೆ ಪ್ರಾಣ. ಎದ್ದರು. ಮರದ ಕೆಳಗೆ ಬಿದ್ದಿದ್ದ ಹೊಂಗೆ ಕಾಯಿಗಳನ್ನು ಪಂಚೆಯ ಮಡಿಲಿಗೆ ತುಂಬಿಕೊಂಡರು. ಗಂಗಕ್ಕ ಹಿಂದೆ, ನಾನು ನಡುವೆ, ಅವರು ಮುಂದೆ. ಯಾರ ಮನೆಯೊಳಗೂ ಹೋಗಲಿಲ್ಲ. ಬೇವು ಇದ್ದ ಕಡೆ ದೂರವೇ ನಿಂತು ಕೈ ಮುಗಿದರು. ಕೆಲವು ಸೊಪ್ಪು ಒಣಗಿ ಗರಿಗರಿ ಆಗಿತ್ತು, ಕೆಲವು ಇವತ್ತು ಬೆಳಗ್ಗೆ ಸಿಕ್ಕಿಸಿದ ಹಸಿ. ಐವತ್ತೇಳು ಮನೆ ಮುಗಿಯಲು ಬಿಸಿಲು ನೆತ್ತಿಗೆ ಬಂತು.

ಜಗಲಿಗೆ ವಾಪಸು ಬಂದು ಚಿನ್ನಪ್ಪನವರು ಕಾಯಿಗಳನ್ನು ನಾಲ್ಕು ಗುಡ್ಡೆ ಮಾಡಿದರು. ಸುಣ್ಣವೂ ಬೇವೂ ಇರುವ ಮನೆ ನಾಲ್ಕು. ಸುಣ್ಣ ಇದೆ, ಬೇವಿಲ್ಲ, ಹದಿನೇಳು. ಸುಣ್ಣ ಇಲ್ಲ, ಬೇವಿದೆ, ಏಳು. ಎರಡೂ ಇಲ್ಲದ್ದು ಇಪ್ಪತ್ತೊಂಬತ್ತು. ಅವರು ಬೆರಳಿನಿಂದ ಆ ಗುಡ್ಡೆ ಈ ಗುಡ್ಡೆ ಸರಿಸುತ್ತಾ, ತುಟಿಯಲ್ಲೇ ಲೆಕ್ಕ ಹಾಕುತ್ತಾ ಕೂತರು. ಮುನಿರತ್ನ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಸುಣ್ಣದ ಮನೇಲೂ ಹತ್ತತ್ರ ಐದಕ್ಕೊಂದು" ಎಂದರು ಕೊನೆಗೆ. "ಸುಣ್ಣ ಇಲ್ದಿರೋ ಮನೇಲೂ ಐದಕ್ಕೊಂದು." ಇನ್ನೊಂದು ಸಾರಿ ಎಣಿಸಿದರು. "ಸೂಜಿ ಹಾಕಿಸ್ದೆ ಇದ್ರೂವೆ ಅಮ್ಮ ಬಂದವ್ಳೆ. ಹಂಗಾದ್ರೆ ಸೂಜಿಗೂ ಅಮ್ಮನ್ಗೂ ಸಂಬಂಧ ಇಲ್ವಲ್ಲಮ್ಮ."

"ಇರೋ ಹಂಗೆ ಕಾಣಲ್ಲ ಮಾವ. ಐವತ್ತೇಳು ಮನೆ ಸಣ್ಣ ಲೆಕ್ಕ, ಡಾಕ್ಟರು ಆ ಮಕ್ಕಳ ಮೈ ನೋಡಿ ಹೇಳ್ಬೇಕು. ಕರ್ಕೊಂಡ್ಬತ್ತೀನಿ."

ಅವರು ಗಂಗಕ್ಕನ ಕಡೆ ತಿರುಗಿದರು. "ಕೂತ್ಕೋ ತಾಯಿ, ನಿಂತೇ ಇದೀಯಲ್ಲ" ಎಂದರು. ಗಂಗಕ್ಕ ಕೂತಳು. ಮಜ್ಜಿಗೆ ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಏನೋ, ನಾನು ನೋಡಲಿಲ್ಲ.

ಆದರೂ ಸೂಜಿ ಹಾಕಿಸುತ್ತೇನೆ ಎಂದು ಚಿನ್ನಪ್ಪನವರು ಹೇಳಲಿಲ್ಲ. "ನಿಮ್ಮ ಮೇಡಂ ಏನಂತಾರೋ ನೋಡಾಣ. ಇದನ್ನೆಲ್ಲಾ ಅವ್ರ ಮುಂದೆ ಹೇಳ್ತೀಯಾ ನೀನು?" ಎಂದರು. ಹೊಂಗೆ ಕಾಯಿ ನಾಲ್ಕನ್ನು ಬ್ಯಾಗಿಗೆ ಹಾಕಿಕೊಂಡು ಬಂದಿದ್ದೇನೆ.

ಮಾರ್ಚ್ 21, ಶುಕ್ರವಾರ

ಡಾಕ್ಟರಿಗೆ ಹೇಳಿದೆ. ನೋಟುಬುಕ್ಕು, ಫೋನ್ ಲೆಕ್ಕ, ಬೀದಿಯ ಲೆಕ್ಕ ಎಲ್ಲ ಮುಂದಿಟ್ಟೆ. ಅವರು ಜೀಪಿನ ಕೀ ತೆಗೆದುಕೊಂಡು ಹೊಂಗೇದೊಡ್ಡಿಗೆ ಹೋದರು. ಸಂಜೆ ಬಂದು ಒಂದೇ ಮಾತು: "ಸೀತಾಳೆ ಸಿಡುಬೇ ಮಾ. ನಾಲ್ಕೂ."

ಮಾರ್ಚ್ 24, ಸೋಮವಾರ

ಕೃಷ್ಣಗಿರಿಯಿಂದ ಮೇಡಂ ಬಂದರು. ಹದಿನಾಲ್ಕೂ ನರ್ಸುಗಳನ್ನು ಕರೆಸಿದ್ದರು. ಸಣ್ಣ ಆಕೃತಿ, ದೊಡ್ಡ ಕನ್ನಡಕ. ನನ್ನ ಕೆಂಪು ಪಟ್ಟಿಯೇ ಅವರ ಕಡತದ ಮೊದಲ ಪುಟ. "ಇದು ಯಾರು ಮಾಡಿದ್ದು?" ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನ್ನ ಕೈ ತಾನೇ ಮೇಲೆದ್ದಿತು. ಎದ್ದು ನಿಂತೆ. ಹೆದರಿಕೆಗೆ ತಮಿಳು ಮರೆತು ಮೊದಲು ಕನ್ನಡದಲ್ಲೇ ಶುರುಮಾಡಿದೆ, ಆಮೇಲೆ ಸರಿಪಡಿಸಿಕೊಂಡೆ.

ಪಟ್ಟಿ ಮಾಡಿದ್ದು ನಾನು, ಹಂಚಿದ್ದು ನಾನು, ಷರಾ ಕೈಬಿಟ್ಟದ್ದು ನಾನು ಎಂದೆ. ಹದಿಮೂರು ಕಡೆ ಸೊನ್ನೆಯೋ ಒಂದೋ ಬಂದದ್ದು ಮಕ್ಕಳಿಗೆ ಏನೂ ಆಗದ್ದರಿಂದ ಅಲ್ಲ, ನಾನು ಸೊನ್ನೆ ಕೇಳಿದ್ದರಿಂದ ಎಂದೆ. ಬಸವನದೊಡ್ಡಿಯಲ್ಲಿ ಕೇಳಿದಾಗ ಜ್ವರ ಹೊಂಗೇದೊಡ್ಡಿಯಷ್ಟೇ ಇತ್ತು, ಬ್ಯಾಚೂ ಒಂದೇ. ಸೂಜಿ ಇಲ್ಲದ ಮನೆಯಲ್ಲೂ ಸಿಡುಬು ಅಷ್ಟೇ ಇತ್ತು. ಈ ಪಟ್ಟಿಯಲ್ಲಿ ಬರೆದದ್ದೆಲ್ಲ ಸೂಜಿಯಿಂದ ಆದದ್ದಲ್ಲ, ಸೂಜಿ ಆದ ಮೇಲೆ ಆದದ್ದು. ಎರಡಕ್ಕೂ ನಡುವೆ ನಡೆದು ನೋಡಬೇಕಾದ ದಾರಿ ಇದೆ. ಆ ದಾರಿಯಲ್ಲಿ ನಡೆದವಳು ಗಂಗಾದೇವಿ ಒಬ್ಬಳೇ. ಕೊನೆಗೆ ಏನು ಮಾಡುತ್ತಿದ್ದೇನೆಂದು ತಿಳಿಯದೆ ನಾಲ್ಕು ಹೊಂಗೆ ಕಾಯಿಯನ್ನು ಮೇಜಿನ ಮೇಲಿಟ್ಟೆ.

ಮೇಡಂ ಒಂದು ಕಾಯಿ ಎತ್ತಿಕೊಂಡು ತಿರುಗಿಸಿ ನೋಡಿದರು. ಕನಕಮ್ಮನನ್ನು ನಾನು ತಿರುಗಿ ನೋಡಲಿಲ್ಲ. ಗಂಗಕ್ಕನ ನೋಟುಬುಕ್ಕನ್ನು ಮೇಡಂ ಇಪ್ಪತ್ತು ನಿಮಿಷ ಪುಟ ಪುಟವಾಗಿ ಓದಿದರು.

"ಜಿಲ್ಲೆಯಲ್ಲಿ ನಾನು ನಂಬಬಹುದಾದ ಸಾಲು ಇದೊಂದೇ" ಎಂದರು.

ಗಂಗಕ್ಕನ ಮೆಮೋ ವಾಪಸು. ಬುಧವಾರದಿಂದ ಸೂಜಿ. ನನಗೆ ಮೆಮೋ, ಫೋಟೋ ಹಂಚಿದ್ದಕ್ಕೆ. ನನ್ನ ಹದಿನಾರು ವರ್ಷದಲ್ಲಿ ಮೊದಲನೆಯದು. ಮನೆಗೆ ಬಂದು ಮುದ್ದೆ ತಿಂದು ನಿದ್ದೆ ಹೋದೆ, ಅಂಥ ನಿದ್ದೆ ಬಂದು ಬಹಳ ದಿನವಾಗಿತ್ತು.

ಮಾರ್ಚ್ 26, ಬುಧವಾರ

ಇವತ್ತು ನಾನೂ ಹೊಂಗೇದೊಡ್ಡಿಗೆ ಹೋದೆ. ಅಂಗನವಾಡಿಯಲ್ಲಿ ಒಂಬತ್ತರಿಂದ ಹತ್ತೂವರೆಯವರೆಗೆ ಯಾರೂ ಇಲ್ಲ. ಗಂಗಕ್ಕ ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಬಾಗಿಲು ನೋಡುತ್ತಿದ್ದೆ. ಮೇಡಂ ನಂಬಿದರೂ ಊರು ನಂಬದಿದ್ದರೆ ಆ ಮಾತೆಲ್ಲ ಯಾತಕ್ಕೆ ಬಂತು.

ಹತ್ತು ಮುಕ್ಕಾಲಿಗೆ ಚಿನ್ನಪ್ಪನವರು ಬಂದರು. ಮುಂದೆ ಅವರು, ಹಿಂದೆ ಪಾಪುವನ್ನು ಎತ್ತಿಕೊಂಡ ಮುನಿರತ್ನ. ಊರ ನಡುಬೀದಿಯಲ್ಲೇ ಸುತ್ತಿ ಬಂದರಂತೆ, ಎಲ್ಲರಿಗೂ ಕಾಣಲಿ ಎಂದು.

"ಜ್ವರ ಬತ್ತದಾ?" ಎಂದು ಗಂಗಕ್ಕನನ್ನು ಕೇಳಿದರು.

"ಬಂದ್ರೂ ಬರ್ಬೋದಣ್ಣ. ಇಬ್ರಲ್ಲಿ ಒಬ್ರಿಗೆ ಬತ್ತದೆ. ಔಷ್ದಿ ಕೊಟ್ಟಿರ್ತೀನಿ, ನಾಳೆ ನಾನೇ ಬತ್ತೀನಿ. ಫಿಟ್ಸು, ಬಿಡ್ದೆ ಅಳೋದು ಏನಾದ್ರೂ ಕಂಡ್ರೆ ಆ ಗಳಿಗೇಲೇ ಫೋನ್ ಮಾಡಿ."

"ಬರಲ್ಲ ಅಂದಿದ್ರೆ ವಾಪಸ್ ಕರ್ಕೊಂಡೋಗ್ಬುಡ್ತಿದ್ದೆ" ಎಂದರು ಚಿನ್ನಪ್ಪನವರು. "ಹಾಕಮ್ಮ."

ಪಾಪುವನ್ನು ನಾನೇ ಮಡಿಲಲ್ಲಿ ಹಿಡಿದುಕೊಂಡೆ. ಎರಡು ತಿಂಗಳ ತೊಡೆ, ನನ್ನ ಎರಡು ಬೆರಳಿನಷ್ಟು ಅಗಲ. ಅಂಕಿಯಲ್ಲಿ ಸಾವಿರಾರು ಮಕ್ಕಳನ್ನು ದಾಟಿಸಿದ್ದೇನೆ, ಸೂಜಿಯ ಹೊತ್ತಿಗೆ ಒಂದನ್ನೂ ಹಿಡಿದವಳಲ್ಲ. ಅತ್ತಳು, ಮೈಯೆಲ್ಲ ಕೆಂಪಾಗಿ ಅತ್ತಳು, ಆಮೇಲೆ ಏನೂ ಆಗದವಳಂತೆ ನನ್ನ ಮೂಗನ್ನೇ ನೋಡಿದಳು. ಆ ಸಣ್ಣ ಮೈ ಈಗ ನಾಯಿಕೆಮ್ಮನ್ನೂ ಧನುರ್ವಾಯುವನ್ನೂ ಎದುರಿಸಲು ಕಲಿಯುತ್ತಿದೆ ಎಂದು ನೆನೆದು ನನಗೆ ಕಣ್ಣು ತುಂಬಿಬಂತು. ಇದು ಪ್ರತಿ ಬುಧವಾರ ನಡೆಯುತ್ತದೆ. ಪ್ರತಿ ಬುಧವಾರ.

ಒಂದು ಗಂಟೆಯೊಳಗೆ ಆರು ಮಕ್ಕಳು ಬಂದವು. ಉಳಿದ ಮೂರು ಮನೆಗೆ ಗಂಗಕ್ಕ ಹೋಗಿ ಮಾತಾಡುತ್ತಾಳಂತೆ. ಸಂಜೆ ತಂಗಿಯ ಬಾಗಿಲಿಗೆ ಸುಣ್ಣದ ಬೊಟ್ಟು ಇಟ್ಟಳು. ಎತ್ತರ ಸಾಲದೆಂದು ಚಿನ್ನಪ್ಪನವರು ಅಳಿಸಿ ಮೇಲೆ ಇಡಿಸಿದರು.

ಮಾರ್ಚ್ 28, ಶುಕ್ರವಾರ

ನಾಲ್ಕು ಗಂಟೆಗೆ ಫೋನ್ ಶುರುಮಾಡಿದೆ. ಏಳು ಗಂಟೆಯಾದರೂ ಮುಗಿಯಲಿಲ್ಲ. "ಯಾರ ಮಗುಗೆ ಏನಾಯ್ತು, ಹೇಳಮ್ಮ" ಎಂದರೆ ಎಲ್ಲರೂ ಹೇಳುತ್ತಾರೆ. ಕನಕಮ್ಮನೊಬ್ಬಳದೇ ಆರು, ಇನ್ನೂ ಸಿಟ್ಟಿನ ಗಂಟಲಲ್ಲೇ ಹೇಳಿದಳು, ಆದರೆ 'ಮೂರು ದಿನ ಹೋಗಿದ್ದೆ' ಎಂದೂ ಸೇರಿಸಿದಳು. ಕಾಫಿ ತಣ್ಣಗಾಯಿತು. ಹೊಸದೊಂದು ನೋಟುಬುಕ್ಕು ಕೊಂಡೆ, ಕಂಪ್ಯೂಟರಿನಲ್ಲಿ ಜಾಗವಿಲ್ಲದ್ದನ್ನು ಬರೆಯಲು.

ಕೊನೆಯ ಕರೆ ಗಂಗಕ್ಕನಿಗೆ.

"ಬರ್ಕೋ" ಎಂದಳು. "ಮುನಿರತ್ನನ ಮಗ್ಳು. ಎಂಟು ವಾರ. ಬುಧ್ವಾರ ಸಂಜೆ ಏಳಕ್ಕೆ ಮೈ ಬಿಸಿ, ನೂರೊಂದು. ಎಡ ತೊಡೆ ಗಟ್ಟಿ."

ಆ ಕೆಂಪು ಸಾಲನ್ನೇ ತೆರೆದೆ. ಆಮೇಲೆ ಒತ್ತಿದೆ. ಹೊಂಗೇದೊಡ್ಡಿ: ಮೂವತ್ತೆರಡು.

"ಷರಾ?" ಎಂದೆ.

"ಗುರುವಾರ ಬೆಳಿಗ್ಗೆ ಜ್ವರ ಇಳೀತು. ಇವತ್ತು ಹೋದಾಗ ನನ್ನ ನೋಡಿ ನಕ್ಳು. ಅದೂ ಬರೀಲಾ?"

"ಬರಿ ಅಕ್ಕ" ಎಂದೆ. ನಾನೂ ಬರೆದುಕೊಂಡೆ.